ಮೂರು ಊರುಗಳಲ್ಲಿ ನನ್ನ ಮುಖ

ನಮ್ಮ ಓಣಿಯ ತುದಿಯಲ್ಲಿ ಒಂದು ಮಿರ್ಚಿ ಬಂಡಿ ನಿಲ್ಲುತ್ತದೆ. ಬಿಸಿಲಿಗೆಂದು ಅದರ ಮೇಲೆ ಹಳೆಯ ಫ್ಲೆಕ್ಸ್ ಹೊದಿಸಿದ್ದಾರೆ. ಫ್ಲೆಕ್ಸಿನಲ್ಲಿ ಇದ್ದವರು ಯಾರೋ ಗೊತ್ತಿಲ್ಲ. ಒಂದು ಕಣ್ಣು, ಅರ್ಧ ಮೀಸೆ, ಮುಗಿದ ಕೈಗಳ ಬೆರಳ ತುದಿ, ಇಷ್ಟು ಮಾತ್ರ ಗಿರಾಕಿಗಳ ಕಡೆಗೆ ಇಳಿದಿವೆ. ಉಳಿದದ್ದು ಆ ಕಡೆ ಮಡಚಿಹೋಗಿದೆ. ನಾನು ಮಿರ್ಚಿ ತಿನ್ನುವಾಗೆಲ್ಲ ಆ ಕಣ್ಣು ನನ್ನನ್ನೇ ನೋಡುತ್ತಿರುತ್ತದೆ. ಉಳಿದ ಗಿರಾಕಿಗಳಿಗೆ ಇದರಿಂದ ಏನೂ ಅನ್ನಿಸುವುದಿಲ್ಲ. ನನಗೆ ಮಾತ್ರ ಎರಡನೆಯ ಮಿರ್ಚಿಗೆ ಕೈ ಹಾಕುವ ಮೊದಲು ಎದೆ ಒಮ್ಮೆ ಝಲ್ಲೆನ್ನುತ್ತದೆ. ಹಾಗೆಂದು ಎರಡನೆಯದನ್ನು ಬಿಡುತ್ತೇನೆಂದಲ್ಲ.

ಒಂದು ದಿನದ ಮಟ್ಟಿಗೆ ನಾನೂ ಫ್ಲೆಕ್ಸ್ ಏರಿದವಳು. ಅದೂ ಒಂದೇ ಸಲಕ್ಕೆ ಮೂರು ಊರುಗಳಲ್ಲಿ. ಅದನ್ನು ಹೇಳುವ ಮೊದಲು ಕಂಪ್ಲಿಗೆ ಹೋಗಿಬರೋಣ, ದೂರವೇನಿಲ್ಲ.

ನಾನು ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮುಂದೆ ಗಾಜಿನ ಪೆಟ್ಟಿಗೆ. ಅದರೊಳಗೆ ಊರಿನ ಚೆಂದದ ಮುಖಗಳು. ಏಳನೆಯ ತರಗತಿ ಪಾಸಾದಾಗ ಅವ್ವ ನನಗೆ ಮಲ್ಲಿಗೆಯ ಜಡೆ ಹಾಕಿ ಫೋಟೋ ತೆಗೆಸಿದಳು. ಸ್ವಲ್ಪ ದಿನಕ್ಕೆ ಆ ಫೋಟೋ ಗಾಜಿನ ಪೆಟ್ಟಿಗೆಯಲ್ಲಿ ಪ್ರತ್ಯಕ್ಷವಾಯಿತು. ಹದಿನೈದು ದಿನದ ಮೇಲೆ ಅದನ್ನು ಕಂಡ ಅವ್ವ ನನ್ನ ಕೈ ಹಿಡಿದುಕೊಂಡು ಸ್ಟುಡಿಯೋದ ಮೆಟ್ಟಿಲು ಹತ್ತಿದಳು.

"ಇದನ್ನ ಯಾಕ ಇಟ್ಟೀರಿ?" ಎಂದಳು.

"ಚಂದ ಬಂದೈತಲ್ರವ್ವ. ನಾಕು ಮಂದಿ ನೋಡಿದ್ರ ಫೋಟೋ ಏನ್ ಸವೀತೈತೇನು?" ಎಂದ ಸ್ಟುಡಿಯೋದವನು.

"ಸವಿಯಂಗಿಲ್ಲ. ಆದ್ರ ಕೇಳಬೇಕಾಗಿತ್ತು."

ಫೋಟೋ ಅವತ್ತೇ ಹೊರಬಂತು. ನಿಜ ಹೇಳುತ್ತೇನೆ, ನನಗೆ ಬಹಳ ದುಃಖವಾಯಿತು. ಆ ಹದಿನೈದು ದಿನ ನಾನು ಶಾಲೆಯಿಂದ ಸುತ್ತು ದಾರಿ ಹಿಡಿದು, ಆ ಗಾಜಿನ ಮುಂದೆ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ, ನನ್ನನ್ನೇ ನೋಡಿಕೊಂಡು ಬರುತ್ತಿದ್ದೆ.

ಮನೆಯಲ್ಲಿ ಅವ್ವನ ಕಾನೂನು ಇನ್ನೂ ಬಿಗಿ. ಫೋಟೋ ಆಲ್ಬಂ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇರುತ್ತಿತ್ತು. ಕಟ್ಟೆಯ ಮೇಲೆ ಕುಳಿತು ಮಾತಾಡಿ ಹೋಗುವವರಿಗೆ ಚಹಾ ಮಾತ್ರ. ಒಳಗೆ ಬಂದು ಕುಳಿತವರಿಗೆ ಚಹಾದ ಜೊತೆ ಮಂಡಕ್ಕಿ. ಆಲ್ಬಂ ಹೊರಬರಬೇಕಾದರೆ ಅಡುಗೆಮನೆಯವರೆಗೆ ಬರುವಷ್ಟು ಸಲಿಗೆ ಇರಬೇಕು. ಅಂಥವರು ಬಂದಾಗ ಅವ್ವ ನನ್ನತ್ತ ನೋಡಿ ಹುಬ್ಬು ಏರಿಸುತ್ತಿದ್ದಳು, ನಾನು ಟ್ರಂಕು ತೆಗೆಯುತ್ತಿದ್ದೆ. ಯಾರಿಗೆ ಏನು ಕಾಣಬೇಕು ಎಂಬುದು ಅವಳ ಒಂದು ಹುಬ್ಬಿನಲ್ಲಿ ತೀರ್ಮಾನವಾಗುತ್ತಿತ್ತು.

ಇಷ್ಟೆಲ್ಲ ಕಲಿತಿದ್ದ ನಾನು, ಟಿ.ಬಿ. ಡ್ಯಾಂ ಹತ್ತಿರದ ಸರ್ಕಾರಿ ಶಾಲೆಗೆ ಟೀಚರಾಗಿ ಬಂದ ಮೇಲೆ, ಹೊಸಪೇಟೆಯ ನೆಟ್ ಸೆಂಟರಿನಲ್ಲಿ ಕುಳಿತು, ಆಗ ಎಲ್ಲರೂ ಸೇರುತ್ತಿದ್ದ ಒಂದು ಸೈಟಿಗೆ ಸೇರಿಬಿಟ್ಟೆ. ಆ ಸೈಟು ಈಗ ಮುಚ್ಚಿಹೋಗಿದೆ. ನನ್ನ ಜೊತೆ ಟ್ರೇನಿಂಗ್ ಮಾಡಿದ ಗೆಳತಿಯರೆಲ್ಲ ಅದರಲ್ಲಿ ಇದ್ದರು. ಊರು ಯಾವುದು ಎಂದು ಕೇಳಿತು, ಕಂಪ್ಲಿ ಎಂದೆ. ಫೋಟೋ ಕೇಳಿತು, ಹಂಪಿಯಲ್ಲಿ ತೆಗೆಸಿಕೊಂಡದ್ದನ್ನು ಕೊಟ್ಟೆ: ಗೆಳತಿಯ ಕೂಲಿಂಗ್ ಗ್ಲಾಸನ್ನು ತಲೆಯ ಮೇಲೆ ಏರಿಸಿಕೊಂಡು, ಬಂಡೆಗೆ ಒರಗಿ, ಹಲ್ಲು ಬಿಟ್ಟು ನಗುತ್ತಿರುವ ಫೋಟೋ. ಇವು ಯಾರಿಗೆ ಕಾಣಬೇಕು ಎಂದೂ ಒಂದು ಮೂಲೆಯಲ್ಲಿ ಕೇಳಿರಬೇಕು. ನಾನು ನೋಡಲಿಲ್ಲ. ಸ್ನೇಹಿತರ ಸೈಟು ಎಂದ ಮೇಲೆ ಸ್ನೇಹಿತರಿಗೇ ಕಾಣುತ್ತದೆ ಎಂದುಕೊಂಡೆ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಲಾರಿಗಳು ಸಾಲು ಹಿಡಿದು ಇಳಿಯುತ್ತಿದ್ದವು. ರಸ್ತೆ ಬದಿಯ ಬೇವಿನ ಮರಗಳೂ ಕೆಂಪಾಗಿದ್ದವು. ಲಾರಿಗಳು ಹೆಚ್ಚಿದಂತೆ ಮುಖಂಡರು ಹೆಚ್ಚಿದರು, ಮುಖಂಡರು ಹೆಚ್ಚಿದಂತೆ ಹುಟ್ಟುಹಬ್ಬಗಳು, ಅವುಗಳ ಜೊತೆ ಫ್ಲೆಕ್ಸುಗಳು. ಮೇಲೆ ಮುಖಂಡರು ನಡೆದು ಬರುತ್ತಿರುವ ಚಿತ್ರ, ಹಿಂದೆ ಒಂದು ಹೆಲಿಕಾಪ್ಟರ್, ಕೆಳಗೆ ಶುಭ ಕೋರುವವರ ಸಾಲು. ಆ ಸಾಲಿನಲ್ಲಿ ಯಾರ ಮುಖ ಎಷ್ಟು ದೊಡ್ಡದು, ಯಾರ ಪಕ್ಕದಲ್ಲಿ ಯಾರು ಎಂಬುದರ ಮೇಲೆ ಗೆಳೆತನಗಳು ಮುರಿಯುತ್ತಿದ್ದವು.

ಅಂಥ ಮುಖಂಡರಲ್ಲಿ ಎಲ್ಲರೂ ಸಾಹುಕಾರ್ರು ಎಂದೇ ಕರೆಯುತ್ತಿದ್ದವರೊಬ್ಬರ ಹುಟ್ಟುಹಬ್ಬದ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ, ನಮ್ಮ ಹೆಡ್ ಮಾಸ್ಟರ್ ಪಂಪಾಪತಿ ಸರ್ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನಕ್ಕರು.

"ಏನ್ರಿ ಅನ್ನಪೂರ್ಣ ಟೀಚರ್, ಹೇಳದ ಕೇಳದ ರಾಜಕೀಯಕ್ಕ ಇಳದಬಿಟ್ರಿ?"

"ಏನ್ ಸರ್?"

"ಸರ್ಕಲ್‌ನ್ಯಾಗ ಸಾಹುಕಾರ್ರ ಫ್ಲೆಕ್ಸ್ ನೋಡ್ರಿ. ಮಹಿಳಾ ಘಟಕದ ಅಧ್ಯಕ್ಷರು! ನಾಳಿ ಬಿ.ಇ.ಓ. ಸಾಹೇಬ್ರು ಶಾಲಿಗೆ ಬರಾಕತ್ತಾರ. ನಾ ಫೋನಿನ್ಯಾಗ ಹೇಳೀನಿ, ನಮ್ಮ ಟೀಚರ್ ದೊಡ್ಡ ಮನುಷ್ಯಾರಾಗ್ಯಾರ ಅಂತ."

ಅವರಿಗೆ ಅದು ತಮಾಷೆ. ನನ್ನ ಪ್ರೊಬೇಷನ್ ಅವಧಿ ಇನ್ನೂ ಮುಗಿದಿರಲಿಲ್ಲ. ಸರ್ಕಾರಿ ಟೀಚರ್ ಪಕ್ಷದ ಫ್ಲೆಕ್ಸಿನಲ್ಲಿ ಕೈ ಮುಗಿದು ನಿಂತರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅವ್ವ, ಬಾಡಿಗೆ ಮನೆ, ನಾನು, ಮೂವರೂ ಆ ಒಂದು ಕೆಲಸದ ಮೇಲೆ ನಿಂತಿದ್ದೆವು. ಅರ್ಧ ದಿನದ ರಜೆ ಹಾಕಿ ಬಸ್ ಹತ್ತಿದೆ. ಟಿಕೆಟ್ ತೆಗೆದುಕೊಂಡದ್ದು ನೆನಪಿಲ್ಲ. ಹೊಸಪೇಟೆಯ ಸರ್ಕಲ್ಲಿನಲ್ಲಿ ಇಳಿದದ್ದು ನೆನಪಿದೆ.

ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಫ್ಲೆಕ್ಸ್ ಎರಡು ಅಂತಸ್ತಿನ ಎತ್ತರವಿತ್ತು. ಕೆಳಸಾಲಿನ ನಡುವೆ ನನ್ನ ಮುಖವಿತ್ತು, ದೊಡ್ಡ ಬುಟ್ಟಿಯಷ್ಟು ಅಗಲ. ಕೂಲಿಂಗ್ ಗ್ಲಾಸು ತಲೆಯ ಮೇಲೆ ಹಾಗೇ ಇತ್ತು. ಆದರೆ ಕತ್ತಿನಿಂದ ಕೆಳಗೆ ನಾನಲ್ಲ. ಹಸಿರು ರೇಷ್ಮೆ ಸೀರೆ, ಎರಡೆಳೆ ಸರ, ಕೈ ತುಂಬ ಬಳೆ, ಮುಗಿದ ಕೈ. ಯಾವುದೋ ತುಂಬಿದ ಮೈಯ ಹೆಂಗಸಿಗೆ ನನ್ನ ಸಣ್ಣ ತಲೆಯನ್ನು ಸಿಗಿಸಿದ್ದರು. ಕೆಳಗೆ ಹೆಸರು: ಶ್ರೀಮತಿ ಅನ್ನಪೂರ್ಣಮ್ಮ, ಕಂಪ್ಲಿ. ನನಗಿನ್ನೂ ಮದುವೆಯೂ ಆಗಿರಲಿಲ್ಲ.

ಅದರ ಕೆಳಗೇ ಬಾಳೆಹಣ್ಣು ಮಾರುವವನೊಬ್ಬ ಕುಳಿತಿದ್ದ. ನಾನು ಮೇಲೆ ನೋಡುತ್ತಾ ನಿಂತದ್ದನ್ನು ಕಂಡು ಅವನೂ ಮೇಲೆ ನೋಡಿದ.

"ಯಾರೋ ಏನೋ ನೋಡವ್ವ. ಕೈ ಮುಗಿಯೋ ಮುಂದ ಆ ಕನ್ನಡಕ ಆದ್ರೂ ತಗೀಬಾರದಾ?" ಎಂದ.

ನನ್ನ ಮುಖವನ್ನೇ ನೋಡಿ ಹೇಳಿದ. ಗುರುತು ಹತ್ತಲಿಲ್ಲ. ಸಮಾಧಾನವಾಗಬೇಕಿತ್ತು, ಯಾಕೋ ಸ್ವಲ್ಪ ಅವಮಾನವೂ ಆಯಿತು.

ಫ್ಲೆಕ್ಸಿನ ಮೂಲೆಯಲ್ಲಿ ಪ್ರಿಂಟ್ ಹಾಕಿದ ಅಂಗಡಿಯ ಹೆಸರಿತ್ತು. ಹತ್ತಿರವೇ ಇತ್ತು ಅಂಗಡಿ. ಅಲ್ಲಿ ಡಿಸೈನ್ ಮಾಡುವವನ ಹೆಸರು ಹುಲಿಗೇಶ, ಮೂವತ್ತೈದರ ಆಸುಪಾಸಿನ, ನಿದ್ದೆ ಕಾಣದ ಕಣ್ಣಿನ ಮನುಷ್ಯ. ನನ್ನನ್ನು ನೋಡಿದವನೇ ಕುರ್ಚಿಯಿಂದ ಎದ್ದ. ಅವನೊಬ್ಬನಿಗೆ ಗುರುತು ಹತ್ತಿತು. ಇಡೀ ರಾತ್ರಿ ನನ್ನ ಕೂದಲಿನ ಅಂಚನ್ನು ಕಂಪ್ಯೂಟರಿನಲ್ಲಿ ಕತ್ತರಿಸಿದವನಲ್ಲವೇ!

"ಅಧ್ಯಕ್ಷರು ಬಂದ್ರಾ? ಬರ್ರಿ ಬರ್ರಿ, ಕುಂದ್ರಿ."

"ನಾನು ಅಧ್ಯಕ್ಷೆ ಅಲ್ಲ. ನನ್ನ ಫೋಟೋ ನಿಮಗ ಎಲ್ಲಿ ಸಿಕ್ತು?"

ಅವನ ಮುಖ ಇಳಿಯಿತು. ನಡೆದದ್ದು ಇಷ್ಟು. ಕಂಪ್ಲಿಯ ಅಧ್ಯಕ್ಷೆ ಹೆಸರು ಕೊಟ್ಟಿದ್ದರು, ಫೋಟೋ ಕಳಿಸಿರಲಿಲ್ಲ. ಹುಲಿಗೇಶ ಅವರ ಮುಖ ನೋಡಿದವನಲ್ಲ. ಫ್ಲೆಕ್ಸ್ ಬೆಳಗಾಗುವುದರೊಳಗೆ ಕಟ್ಟಬೇಕು. ಅವರ ಕಸುಬಿನಲ್ಲಿ ಆಗ ಅದೊಂದು ರೂಢಿಯೇ ಆಗಿತ್ತು: ಫೋಟೋ ಬರದಿದ್ದರೆ ಸೈಟಿನಲ್ಲಿ ಹೆಸರು, ಊರು ಹೊಡೆದು ಹುಡುಕುವುದು, ಸಿಕ್ಕ ತಲೆಯನ್ನು ತಗೊಳ್ಳುವುದು, ಸಿದ್ಧವಿರುವ ಕೈಮುಗಿದ ಮೈಗೆ ಅಂಟಿಸುವುದು. ಅನ್ನಪೂರ್ಣ, ಕಂಪ್ಲಿ ಎಂದು ಹೊಡೆದಾಗ ಸಿಕ್ಕವಳು ನಾನೊಬ್ಬಳೇ.

"ಓಪನ್ ಇತ್ತಲ್ರಿ ಮೇಡಂ. ಬೀಗ ಹಾಕಿಲ್ಲ ಅಂದ್ರ ಯಾರ್ ಬೇಕಾದ್ರೂ ತಗೋಬೌದು ಅಂತ ಅಲ್ರಿ?"

"ನಿಮ್ಮ ಮನಿ ಬಾಗಿಲಾ ತೆರದಿತ್ತು ಅಂತ ಯಾರರ ಒಳಗ ಬಂದು ನಿಮ್ಮ ತಾಟಿನ್ಯಾಗ ಉಂಡು ಹೋದ್ರ ಸುಮ್ನಿರ್ತೀರೇನು?"

ಅವನು ಕಂಪ್ಯೂಟರನ್ನು ನನ್ನತ್ತ ತಿರುಗಿಸಿದ. ಅವನ ಖಾತೆಯಿಂದ ನನ್ನ ಪುಟ ತೆರೆದಿತ್ತು. ಅವನು ನನ್ನ ಸ್ನೇಹಿತನಲ್ಲ, ಪರಿಚಯದವನೂ ಅಲ್ಲ. ಆದರೂ ಎಲ್ಲವೂ ಇತ್ತು. ಹಂಪಿಯ ಬಂಡೆ. ಬಸುರಿ ಗೆಳತಿಯ ಕುಬುಸದ ಕಾರ್ಯದಲ್ಲಿ ಅವಳ ಕೆನ್ನೆಗೆ ನಾನು ಅರಿಶಿನ ಹಚ್ಚುತ್ತಿರುವುದು. ಶಾವಿಗೆ ಒಣಹಾಕುತ್ತಾ ಸೆರಗು ಜಾರಿದ್ದನ್ನು ಗಮನಿಸದೆ ಕುಳಿತ ಅವ್ವ. ನನ್ನ ಪುಟವನ್ನು ನಾನು ಎಷ್ಟೋ ಸಲ ನೋಡಿದ್ದೆ. ಹೊರಗಿನವರ ಕುರ್ಚಿಯಲ್ಲಿ ಕುಳಿತು ನೋಡಿದ್ದು ಅದೇ ಮೊದಲು. ಎಲ್ಲ ಅವೇ ಫೋಟೋಗಳು, ಆದರೆ ನಮ್ಮ ಮನೆಯ ಕಿಟಕಿಯ ಹೊರಗೆ ನಿಂತು ನಾನೇ ಒಳಗೆ ಇಣುಕುತ್ತಿದ್ದೇನೆ ಅನ್ನಿಸಿತು. ನೀರು ಕೇಳಿ ಕುಡಿದೆ.

ಆಮೇಲೆ ಅಲ್ಲೇ ನನ್ನ ಖಾತೆ ತೆರೆದು ಆ ಮೂಲೆಯನ್ನು ಹುಡುಕಿದೆ. ಎಲ್ಲರಿಗೂ ಎಂದಿದ್ದದ್ದನ್ನು ಸ್ನೇಹಿತರಿಗೆ ಮಾತ್ರ ಎಂದು ಮಾಡಿದೆ. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಆದರೆ ಹುಲಿಗೇಶ ಹೇಳಿದ ಲೆಕ್ಕದಂತೆ ಹೊಸಪೇಟೆ ಸರ್ಕಲ್ಲಿನಲ್ಲಿ, ಕಂಪ್ಲಿಯಲ್ಲಿ, ಸಂಡೂರು ರಸ್ತೆಯಲ್ಲಿ ಕಟ್ಟಿಯಾಗಿದ್ದ ಮೂರು ಮುಖಗಳಿಗೆ ಆ ಗುಂಡಿ ತಾಗುವುದಿಲ್ಲ.

"ಇಳಿಸ್ರಿ ಅವನ್ನ," ಎಂದೆ.

"ಸಾಹುಕಾರ್ರ ಫ್ಲೆಕ್ಸ್ ಇಳಿಸಿದ್ರ ನನ್ನ ಅಂಗಡಿ ಇರಂಗಿಲ್ರಿ ಮೇಡಂ. ಸಂಜಿಗೆ ಅವರು ಸಂಡೂರಿಗೆ ಬರಾಕತ್ತಾರ."

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು, ಹಿಂದೆಯೇ ಒಂದು ಧ್ವನಿ.

"ಎಲ್ಲಿ ಅದಾನವಾ ಹುಲಿಗೇಶ? ಹೆಸರು ನಂದು, ಪದವಿ ನಂದು, ಮಾರಿ ಯಾವಾಕಿದು?"

ಒಳಗೆ ಬಂದವರು ಐವತ್ತರ ಹೆಂಗಸು, ಹಣೆಯಲ್ಲಿ ವಿಭೂತಿ, ಸೆರಗನ್ನು ಸೊಂಟಕ್ಕೆ ಸಿಗಿಸಿದ್ದರು. ಇವರೇ ನಿಜವಾದ ಅನ್ನಪೂರ್ಣಮ್ಮ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡವರು, ಟ್ರ್ಯಾಕ್ಟರ್ ಮೇಲೆ ಕಲಿತು ಜೀಪನ್ನು ತಾವೇ ಹೊಡೆಯುವವರು. ಬೆಳಿಗ್ಗೆ ತಮ್ಮ ಊರಿನ ಫ್ಲೆಕ್ಸ್ ಮುಂದೆ ಮಂದಿ ಕರೆದು ತೋರಿಸಲು ಹೋಗಿ, ಮಂದಿಯ ಮುಂದೆಯೇ ನನ್ನನ್ನು ಕಂಡಿದ್ದರು. ಈಗ ತಿರುಗಿ ನನ್ನನ್ನು ನೋಡಿದರು.

"ಈಕಿನ! ಏನವಾ, ನನ್ನ ಜಾಗದಾಗ ಹೆಂಗ ಕುಂತಿ?"

"ನಾನು ಕುಂತಿಲ್ಲಕ್ಕ. ಕುಂದ್ರಿಸ್ಯಾರ," ಎಂದೆ. ಶಾಲೆ, ಕೆಲಸ, ನಾಳೆ ಬರುವ ಬಿ.ಇ.ಓ., ಎಲ್ಲವನ್ನೂ ಹೇಳಿದೆ.

ಅವರು ಕೇಳಿಸಿಕೊಂಡರು. ಸಿಟ್ಟು ಪೂರ್ತಿ ಹೋಗಲಿಲ್ಲ, ದಿಕ್ಕು ಬದಲಿಸಿತು.

"ಲೇ ಹುಲಿಗೇಶ, ಒಬ್ಬಾಕಿ ಮಾರಿ ಕದ್ದಿ, ಒಬ್ಬಾಕಿ ಮಾರಿ ನುಂಗಿದಿ. ಈಗ ಏನ್ ಮಾಡ್ತಿ ಹೇಳು."

ಫ್ಲೆಕ್ಸ್ ಇಳಿಸದೆ ಮುಖ ಮಾತ್ರ ಬದಲಿಸಬಹುದು ಎಂದ ಹುಲಿಗೇಶ. ಹೊಸ ಮುಖವನ್ನು ಅದೇ ಅಳತೆಯಲ್ಲಿ ಪ್ರಿಂಟ್ ಹಾಕಿ, ಹಳೆಯದರ ಮೇಲೆ ಗಮ್ಮಿನಿಂದ ಹಚ್ಚಿದರಾಯಿತು.

"ಮ್ಯಾಲೆ ಹಚ್ಚೋದು ಬ್ಯಾಡ. ಒಳಗ ನಾನು ಇದ್ದ ಇರ್ತೀನಿ. ನಂದು ಕತ್ತರಿಸಿ ನನ್ನ ಕೈಯಾಗ ಕೊಡ್ರಿ, ಆಮ್ಯಾಲೆ ಹಚ್ರಿ," ಎಂದೆ. ನನ್ನ ಬಾಯಿಂದ ಅಷ್ಟು ಗಟ್ಟಿಯಾಗಿ ಮಾತು ಬಂದದ್ದಕ್ಕೆ ನಾನೇ ಬೆರಗಾದೆ.

ಈಗ ಅನ್ನಪೂರ್ಣಕ್ಕನ ಫೋಟೋ ಬೇಕು. ಅವರು ಕಳಿಸದೆ ಇದ್ದದ್ದಕ್ಕೆ ಕಾರಣ ಅಲ್ಲಿ ಹೊರಬಿತ್ತು: ಯಾವ ಫೋಟೋದಲ್ಲೂ ತಮ್ಮ ಮುಖ ಅವರಿಗೆ ಹಿಡಿಸುತ್ತಿರಲಿಲ್ಲ. ಹುಲಿಗೇಶ ಕ್ಯಾಮೆರಾ ಹಿಡಿದ ಕೂಡಲೇ ಅವರ ಮುಖ ಗೋಡೆಯಾಯಿತು.

"ಅಕ್ಕ, ಬೆಳಿಗ್ಗೆ ನನ್ನ ಮಾರಿ ನೋಡಿದ ಕೂಡ್ಲೆ ಏನಂದ್ರಿ?" ಎಂದು ಕೇಳಿದೆ.

"ಅಯ್ಯ, ಈ ಕಡ್ಡಿಯಂಥಾಕಿ ತಲಿ ನನ್ನ ಮೈಗೆ ಯಾಕ ಹಚ್ಯಾರ, ಗಾಳಿ ಬಂದ್ರ ಹಾರಿಹೋಗ್ತೈತಿ ಅಂದೆ..." ಎನ್ನುತ್ತಾ ಅವರೇ ನಕ್ಕುಬಿಟ್ಟರು. ಹುಲಿಗೇಶ ಆ ನಗೆಯನ್ನು ಹಿಡಿದ.

ಏಣಿಯನ್ನು ಜೀಪಿಗೆ ಕಟ್ಟಿ ಹೊರಟೆವು. ಹೊಸಪೇಟೆಯ ಸರ್ಕಲ್ಲಿನಲ್ಲಿ ಹುಲಿಗೇಶ ಏಣಿ ಏರಿ ನನ್ನನ್ನು ಕತ್ತರಿಸಿ ಕೆಳಗಿಳಿಸಿದ, ಅಕ್ಕನನ್ನು ಹಚ್ಚಿದ. ಬಾಳೆಹಣ್ಣಿನವನು ನೋಡಿ, "ಈಗ ನೋಡ್ರಿ, ಮೈಗೆ ತಕ್ಕ ತಲಿ ಬಂತು," ಎಂದ. ಕಂಪ್ಲಿಯಲ್ಲಿ ಅಕ್ಕನ ಕಡೆಯವರು ಸೀಟಿ ಹೊಡೆದರು. ಎರಡು ಮುಖಗಳನ್ನು ಸುರುಳಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ನಾನು ಸಂಡೂರಿನ ದಾರಿ ನೋಡುತ್ತಿದ್ದೆ. ಅದಿರಿನ ಲಾರಿಗಳು ಜಾಮ್ ಆಗಿದ್ದವು. ಅಕ್ಕ ಜೀಪನ್ನು ಹೊಲದ ಬದುವಿಗೆ ಇಳಿಸಿ, ಜಾಲಿ ಗಿಡಗಳ ನಡುವೆ ಹೊಡೆದರು. ಆ ಜೀಪಿಗೆ ಮೇಲೆ ಹೊದಿಕೆ ಇರಲಿಲ್ಲ. ನಾವು ತಲುಪುವ ಹೊತ್ತಿಗೆ ಮೂವರ ಹುಬ್ಬೂ ಒಂದೇ ಬಣ್ಣವಾಗಿದ್ದವು.

ಸಂಡೂರು ರಸ್ತೆಯ ಫ್ಲೆಕ್ಸನ್ನು ತಗ್ಗಾಗಿ, ಎರಡು ಕಂಬಗಳ ನಡುವೆ ಕಟ್ಟಿದ್ದರು. ಅದರ ಮುಂದೆ ಸಾಹುಕಾರರ ಕಡೆಯ ಗಂಡಸರು ಹಾರ ಹಿಡಿದು ನಿಂತಿದ್ದರು. ಏಣಿ ಕಂಡವರೇ ಅಡ್ಡ ಬಂದರು.

"ಸಾಹುಕಾರ್ರು ಬರೋ ಟೈಮಿಗೆ ಫ್ಲೆಕ್ಸ್ ಹರೀತೀರೇನಲೇ? ಕೈ ಹಚ್ಚು ನೋಡೋಣ."

ಹುಲಿಗೇಶ ಬ್ಲೇಡನ್ನು ನನ್ನ ಕೈಗೆ ಕೊಟ್ಟು ಹಿಂದಕ್ಕೆ ಸರಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಅಂಗಡಿ ಅವರ ಕೈಯಲ್ಲಿತ್ತು. ನನ್ನ ಮುಖ ಮಾತ್ರ ಅವರ ಕೈಯಲ್ಲಿ ಇರಬೇಕಾಗಿರಲಿಲ್ಲ. ನೆರಿಗೆ ಎತ್ತಿ ಸಿಗಿಸಿ ಏಣಿ ಹತ್ತಿದೆ. ನನಗೆ ಎತ್ತರವೆಂದರೆ ಭಯ. ಶಾಲೆಯಲ್ಲಿ ಗಡಿಯಾರದ ಸೆಲ್ಲು ಹಾಕಲು ಕುರ್ಚಿ ಹತ್ತಿದರೂ ಯಾರಾದರೂ ಹಿಡಿದುಕೊಳ್ಳಬೇಕು.

"ಏಯ್ ಯಾರವಾ ನೀನು?" ಎಂದು ಒಬ್ಬ ಕೂಗಿದ.

ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬಂದಿದ್ದೆ. ತಿರುಗಿ ನಿಂತು, ಸೆರಗಿನಿಂದ ಕೆಂಪು ದೂಳು ಒರೆಸಿಕೊಂಡೆ.

"ಫ್ಲೆಕ್ಸ್ ನೋಡ್ರಿ. ಆಮ್ಯಾಲೆ ನನ್ನ ನೋಡ್ರಿ."

ನೋಡಿದರು. ಒಂದು ಸಲ ಅದನ್ನು, ಒಂದು ಸಲ ಇದನ್ನು.

"ಅರೆರೆ! ಆಕಿನ ಈಕಿ!"

"ಹೌದು, ನಾನ. ನಾನು ನಿಮ್ಮ ಪಕ್ಷದಾಕಿ ಅಲ್ಲ, ಸಾಲಿ ಟೀಚರ್. ನನ್ನ ಕೇಳದ ಈ ಮಾರಿ ಇಲ್ಲಿಗೆ ತಂದಾರ. ನಾನು ವಾಪಸ್ ಒಯ್ತೀನಿ."

ಅಷ್ಟರಲ್ಲಿ ಹಿಂದಿನಿಂದ ಒಬ್ಬರು, "ಲೇ, ಏಣಿ ಅಳ್ಳಾಡಾಕತ್ತೈತಿ, ಹಿಡೀರಲೇ. ಟೀಚರ್ ಬಿದ್ದಾರು," ಎಂದರು. ಅಡ್ಡ ಬಂದವನೇ ಮೊದಲು ಬಂದು ಏಣಿ ಹಿಡಿದ. ನಾನು ಅವಸರ ಮಾಡಲಿಲ್ಲ. ಗಲ್ಲದಿಂದ ಶುರುಮಾಡಿ, ಕಿವಿ ಸುತ್ತಿ, ಕೂಲಿಂಗ್ ಗ್ಲಾಸಿನ ಮೇಲಿಂದ ಬಳಸಿ, ಗೆರೆ ತಪ್ಪದಂತೆ ಕತ್ತರಿಸಿದೆ. ಮುಖ ಕೈಗೆ ಬಂತು. ಅದರ ಜಾಗದಲ್ಲಿ ಸಂಡೂರಿನ ಗುಡ್ಡ ಕಾಣಿಸಿತು.

ಹೊಸ ಮುಖವನ್ನು ಹಚ್ಚಲು ಹೋದರೆ ಅದು ಹಿಡಿಯಲಿಲ್ಲ. ದಾರಿಯ ದೂಳು ಅದರ ಮೇಲೆಲ್ಲ ಕೂತಿತ್ತು. ಗಮ್ಮು ದೂಳಿಗೆ ಹತ್ತಿತು, ಫ್ಲೆಕ್ಸಿಗೆ ಹತ್ತಲಿಲ್ಲ. ಜಾರಿ ಕೆಳಗೆ ಬಿತ್ತು, ಅದೂ ಬೋರಲಾಗಿ. ದೂರದಲ್ಲಿ ಹಾರ್ನ್ ಕೇಳಿಸಿತು. ಹುಲಿಗೇಶ ತಲೆಯ ಮೇಲೆ ಕೈ ಹೊತ್ತ.

"ಸರೀರಿ," ಎಂದರು ಅನ್ನಪೂರ್ಣಕ್ಕ. ಜೀಪನ್ನು ಫ್ಲೆಕ್ಸಿನ ಹಿಂದೆ ರಿವರ್ಸ್ ತೆಗೆದರು. ಅದರ ಹಿಂಭಾಗ ಹತ್ತಿ ನಿಂತರು. ಮರುಕ್ಷಣ ಫ್ಲೆಕ್ಸಿನ ತೂತಿನಲ್ಲಿ, ಹಸಿರು ರೇಷ್ಮೆ ಸೀರೆಯ ಮೇಲೆ, ಮುಗಿದ ಕೈಗಳ ಮೇಲೆ, ವಿಭೂತಿ ಹಚ್ಚಿದ ಜೀವಂತ ಅನ್ನಪೂರ್ಣಕ್ಕ ನಗುತ್ತಾ ಕಾಣಿಸಿಕೊಂಡರು.

ವಾಹನಗಳು ನಿಧಾನವಾದವು. ಸಾಹುಕಾರರು ಗಾಜು ಇಳಿಸಿ, ತಮ್ಮ ಚಿತ್ರವನ್ನು ನೋಡಿ, ಆಮೇಲೆ ಕೆಳಸಾಲನ್ನು ನೋಡಿದರು. "ಈ ಫೋಟೋ ಯಾರ್ ತಗದ್ರಲೇ? ಜೀವ ಇದ್ದಂಗ ಐತಲ್ಲ!" ಎಂದರು.

ಫೋಟೋ ಸೀನಿತು. ಇಡೀ ಫ್ಲೆಕ್ಸ್, ಹೆಲಿಕಾಪ್ಟರ್ ಸಮೇತ, ನಡುಗಿತು.

"ನಮಸ್ಕಾರ್ರಿ ಸಾಹುಕಾರ್ರ. ನಾನು ಕಂಪ್ಲಿ ಅನ್ನಪೂರ್ಣಮ್ಮ," ಎಂದಿತು.

ಸಾಹುಕಾರರು ಗಾಡಿ ಇಳಿದು, ಹೊಟ್ಟೆ ಹಿಡಿದುಕೊಂಡು ನಕ್ಕು, ತಮಗೆ ಹಾಕಿದ ಹಾರವನ್ನು ತೆಗೆದು, ಏಣಿಯ ಎರಡು ಮೆಟ್ಟಿಲು ಹತ್ತಿ, ಆ ತೂತಿನೊಳಗಿನ ಕೊರಳಿಗೆ ಹಾಕಿದರು. ಪಕ್ಷಕ್ಕೆ ತಾವು ಹದಿನೈದು ವರ್ಷ ದುಡಿದರೂ ತಮ್ಮ ಮುಖ ಸಾಹುಕಾರರಿಗೆ ಗುರುತಾಗಿರಲಿಲ್ಲ ಎಂದು ಅಕ್ಕ ದಾರಿಯಲ್ಲಿ ಹೇಳಿದ್ದರು. ಇನ್ನು ಮರೆಯುವ ಮಾತಿರಲಿಲ್ಲ.

ಮರುದಿನ ಬಿ.ಇ.ಓ. ಸಾಹೇಬರು ಬಂದರು. ಸರ್ಕಲ್ಲಿನಲ್ಲಿ ಜೀಪು ನಿಲ್ಲಿಸಿ ನೋಡಿಕೊಂಡೇ ಬಂದಿದ್ದರು.

"ಪಂಪಾಪತಿಯವರ, ಅಲ್ಲಿ ಯಾರೋ ದೊಡ್ಡ ಹೆಣ್ಮಗಳು ಅದಾರ. ನಿಮ್ಮ ಟೀಚರ್ ಎಲ್ರಿ?"

ಹೆಡ್ ಮಾಸ್ಟರ್ ಕಣ್ಣು ಉಜ್ಜಿಕೊಂಡರು. ನಾನು ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೆ ನಾನು ಚೀಲದಿಂದ ಸುರುಳಿ ತೆಗೆದು ಮೇಜಿನ ಮೇಲೆ ಬಿಡಿಸಿದೆ. ಮೂರು ನಾನು, ಮೂರು ಕೂಲಿಂಗ್ ಗ್ಲಾಸು.

"ಇತ್ತು ಸರ್. ನಿನ್ನಿ ಮಧ್ಯಾಹ್ನದ ತನಕ ಇತ್ತು. ನನ್ನ ಕೇಳದ ಹಾಕಿದ್ರು, ನಾನು ತಗಸಿದೆ." ನಡೆದದ್ದನ್ನು ಇದ್ದ ಹಾಗೆ ಹೇಳಿದೆ.

ಸಾಹೇಬರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, ಆ ಮೂರು ಮುಖಗಳನ್ನು ಬಹಳ ಹೊತ್ತು ನೋಡಿದರು.

"ನಿಮ್ಮ ಕೆಲಸಕ್ಕ ಇದರಿಂದ ಏನೂ ಆಗಂಗಿಲ್ಲ, ಆ ಚಿಂತಿ ಬಿಡ್ರಿ. ಆದ್ರ ಟೀಚರ್, ನನ್ನ ಮಗಳೂ ಆ ಸೈಟಿನ್ಯಾಗ ಅದಾಳ. ಹೊರಗಿನವರಿಗೆ ಏನ್ ಕಾಣ್ತೈತಿ, ಏನ್ ಕಾಣಂಗಿಲ್ಲ, ಅದನ್ನ ನೋಡೋದು ಹೆಂಗ? ನನಗ ಸ್ವಲ್ಪ ಕಲಿಸ್ರಿ. ಮನಿಗೆ ಹೋಗಿ ಆಕಿಗೆ ಹೇಳ್ತೀನಿ."

ಶಾಲೆ ಬಿಟ್ಟ ಮೇಲೆ ನೆಟ್ ಸೆಂಟರಿನಲ್ಲಿ ಪಾಠ ಮಾಡಿದೆ. ಮೌಸ್ ಸಾಹೇಬರ ಕೈಯಲ್ಲಿತ್ತು, ಪಂಪಾಪತಿ ಸರ್ ಹಿಂದೆ ನಿಂತಿದ್ದರು, ನಾನು ಪಕ್ಕದ ಸ್ಟೂಲಿನಲ್ಲಿ. ನನ್ನ ಪುಟ ತೆರೆದು ಆ ಮೂಲೆ ತೋರಿಸುತ್ತಿದ್ದಾಗಲೇ ಮೇಲೆ ಒಂದು ಹೊಸ ಹೆಸರು ಬಂತು. ಅನ್ನಪೂರ್ಣಮ್ಮ, ಕಂಪ್ಲಿ. ಹುಲಿಗೇಶ ಖಾತೆ ತೆರೆದುಕೊಟ್ಟಿರಬೇಕು. ಫೋಟೋದಲ್ಲಿ ಅದೇ ನಗು. ನಿಮ್ಮ ಸ್ನೇಹಿತರಾಗಲು ಬಯಸುತ್ತಾರೆ, ಒಪ್ಪುತ್ತೀರಾ ಎಂದು ಸೈಟು ಕೇಳುತ್ತಿತ್ತು.

"ಒಪ್ಕೋರಿ, ಅದರಾಗ ಏನೈತಿ," ಎನ್ನುತ್ತಾ ಸಾಹೇಬರು ಮೌಸನ್ನು ಆ ಕಡೆ ಎಳೆದರು.

"ತಡೀರಿ ಸರ್," ಎಂದೆ. ಅವರ ಕೈ ನಿಂತಿತು. "ಇದನ್ನ ನಾನ ಒತ್ತಬೇಕು."

ಅವರು ಮೌಸ್ ಬಿಟ್ಟರು. ನಾನು ಒತ್ತಿದೆ.